ಡ್ರಮ್ಸಿನ ಹಿಂದಿನ ಜಾಗ

ರತನನ ಕೈಯ ಪ್ಲಾಸ್ಟರು ಬಿಚ್ಚಿದ ಸುದ್ದಿಯನ್ನು ನಿಶ್ಮಿತಾಗೆ ಯಾರೂ ಹೇಳಿರಲಿಲ್ಲ. ಆ ಸಂಜೆ ತೆಕ್ಕಟ್ಟೆಯ ಯುವಕ ಮಂಡಲದ ಮಹಡಿ ಕೋಣೆಯಲ್ಲಿ ಅವಳು ಕೊನೆಯ ಹಾಡಿಗೆ ಡ್ರಮ್ಸ್ ಬಾರಿಸುತ್ತಿದ್ದಳು. ಇದ್ದಕ್ಕಿದ್ದಂತೆ ಶೈಲೇಶ್ ಗಿಟಾರಿನ ತಂತಿಯಿಂದ ಕೈ ತೆಗೆದ. ಹಾಡುತ್ತಿದ್ದ ನವ್ಯಾ ಸಾಲಿನ ಮಧ್ಯದಲ್ಲೇ ನಿಂತುಬಿಟ್ಟಳು. ತಾನೆಲ್ಲೋ ತಪ್ಪಿದೆ ಎಂದುಕೊಂಡು ನಿಶ್ಮಿತಾ ತಲೆಯೆತ್ತಿದರೆ, ಬಾಗಿಲಲ್ಲಿ ರತನ್. ಎಡಗೈ ಬಲಗೈಗಿಂತ ತೆಳ್ಳಗಾಗಿ ಬಿಳಚಿಕೊಂಡಿತ್ತು. ಆ ಕೈಯನ್ನು ಅವನು ಪ್ಯಾಂಟಿನ ಜೇಬಿಗೆ ಸೇರಿಸಿ ನಕ್ಕ.

ಕೀಬೋರ್ಡಿನ ಕೌಶಲ್ ಎದ್ದು ಅವನ ಬೆನ್ನು ತಟ್ಟಿದ. ಶೈಲೇಶ್ ಮಾತ್ರ ಒಮ್ಮೆ ರತನನನ್ನೂ ಒಮ್ಮೆ ನಿಶ್ಮಿತಾಳನ್ನೂ ನೋಡಿ, ಗಿಟಾರಿನ ಕಿವಿ ತಿರುಗಿಸುತ್ತ ಕೂತ. ಅದು ಸರಿಯಾದ ಶ್ರುತಿಯಲ್ಲೇ ಇತ್ತು.

ಅವನ ಆ ಅಂಜಿಕೆಗೆ ಕಾರಣವಿತ್ತು. ಕುಂದಾಪುರದ ಕಾಲೇಜಿನಲ್ಲಿ ಓದುವ ಈ ಮಕ್ಕಳು ಕಟ್ಟಿಕೊಂಡ ಬ್ಯಾಂಡಿನ ಹೆಸರು ‘ಅಳಿವೆ’, ಹೊಳೆ ಕಡಲು ಸೇರುವ ಜಾಗ ಎಂದು ಅರ್ಥ. ಅದನ್ನು ಶುರು ಮಾಡಿದ್ದು ಶೈಲೇಶ್ ಮತ್ತು ರತನ್ ಇಬ್ಬರೇ. ಡ್ರಮ್ ಸೆಟ್ಟೂ ರತನನದೇ. ಮುಂಬಯಿಯಲ್ಲಿ ಆರ್ಕೆಸ್ಟ್ರಾಗಳಿಗೆ ಬಾರಿಸುತ್ತಿದ್ದ ಅವನ ಸೋದರಮಾವ, ಊರಿಗೆ ಮರಳುವಾಗ ಲಾರಿಯಲ್ಲಿ ಹೊರಿಸಿ ತಂದು ಅಳಿಯನಿಗೆ ಕೊಟ್ಟದ್ದು. ಮಳೆಗಾಲದಲ್ಲಿ ಹೆಮ್ಮಾಡಿಯ ಹತ್ತಿರ ರತನ್ ಬೈಕಿನಿಂದ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಆಸ್ಪತ್ರೆಯ ಮಂಚದ ಪಕ್ಕ ನಿಂತು ಶೈಲೇಶ್ ಅವನಿಗೆ ನಿನ್ನ ಜಾಗ ನಿನಗೇ ಎಂದು ಹೇಳಿದ್ದ. ಅದಾಗಿ ಸ್ವಲ್ಪ ದಿನಕ್ಕೆ ತೆಕ್ಕಟ್ಟೆಯ ಶಾರದೋತ್ಸವ ಸಮಿತಿಯವರು ಬಂದರು. ಕೊನೆಯ ಸಂಜೆಯ ರಸಮಂಜರಿಗೆ ಪ್ರತಿವರ್ಷ ದೂರದ ಆರ್ಕೆಸ್ಟ್ರಾ ಕರೆಸುವುದು ವಾಡಿಕೆ. ಸಮಿತಿಯ ಅಧ್ಯಕ್ಷ ಚಂದಯ್ಯನವರು ಹಟ ಹಿಡಿದು, ಈ ಸಲ ನಮ್ಮ ಮಕ್ಕಳೇ ಮಾಡಲಿ ಎಂದು ಉಳಿದವರನ್ನು ಒಪ್ಪಿಸಿದ್ದರು. ಅಭ್ಯಾಸಕ್ಕೆ ಮಹಡಿ ಕೋಣೆಯ ಬೀಗದ ಕೈಯನ್ನೂ ಕೊಟ್ಟರು. ಆಗ ಡ್ರಮ್ಸಿಗೆ ಜನ ಬೇಕಾಯಿತು. ನವ್ಯಾ ತನ್ನ ತರಗತಿಯ ನಿಶ್ಮಿತಾಳನ್ನು ಕರೆತಂದಳು. ಹೈಸ್ಕೂಲಿನ ಕವಾಯತಿನ ಬ್ಯಾಂಡಿನಲ್ಲಿ ಡ್ರಮ್ ಹೊಡೆಯುತ್ತಿದ್ದವಳು ಎಂಬುದಷ್ಟೇ ಅವಳ ಅರ್ಹತೆ. ಮೊದಲ ವಾರ ಕಾಲಿನ ಪೆಡಲ್ ಒತ್ತಿದರೆ ಕೈ ನಿಲ್ಲುತ್ತಿತ್ತು, ಕೈ ಆಡಿದರೆ ಕಾಲು ಮರೆಯುತ್ತಿತ್ತು. ಮರವಂತೆಯ ಮನೆಯಲ್ಲಿ ಮೀನಿನ ಖಾಲಿ ಕ್ರೇಟುಗಳನ್ನು ಬೋರಲು ಹಾಕಿಕೊಂಡು ಬಾರಿಸಿ ಕಲಿತಳು. ಕೊನೆಗೆ ಒಂದು ದಿನ ಶೈಲೇಶ್ ಅವಳಿಗೂ ಹೇಳಿದ, ಶಾರದೋತ್ಸವದಲ್ಲಿ ಡ್ರಮ್ಸಿಗೆ ನೀನೇ ಎಂದು.

ಒಂದೇ ಜಾಗವನ್ನು ಅವನು ಇಬ್ಬರಿಗೆ ಕೊಟ್ಟಿದ್ದ. ಇಬ್ಬರೂ ಈಗ ಒಂದೇ ಕೋಣೆಯಲ್ಲಿದ್ದರು.

“ಒಂದ್ ಸಲ ನಾನ್ ಕೂಕಂತೆ,” ಎಂದ ರತನ್.

ನಿಶ್ಮಿತಾ ಎದ್ದು ಕೋಲುಗಳನ್ನು ಅವನ ಕೈಗೆ ಕೊಟ್ಟಳು. ಅವನು ಸ್ಟೂಲಿನ ಎತ್ತರ ಇಳಿಸಿಕೊಂಡ, ಸಿಂಬಲನ್ನು ತನಗೆ ಬೇಕಾದಷ್ಟು ವಾಲಿಸಿಕೊಂಡ. ನಿಧಾನದ ಹಾಡೊಂದನ್ನು ಶುರು ಮಾಡಿದರು. ನಿಶ್ಮಿತಾ ಗೋಡೆಗೆ ಒರಗಿ ನಿಂತು ಕೇಳಿದಳು. ಅವನು ಅವಳಿಗಿಂತ ಚೆನ್ನಾಗಿ ಬಾರಿಸುತ್ತಿದ್ದ. ತಾನು ಪೆಟ್ಟು ತಪ್ಪದ ಹಾಗೆ ಎಣಿಸಿಕೊಂಡು ಹೋಗುವವಳು. ಅವನಿಗೆ ಎಣಿಕೆಯೇ ಬೇಕಿರಲಿಲ್ಲ. ಹಾಡು ಅವನ ಮೇಲೆ ಒರಗಿಕೊಂಡು ಹೋಗುತ್ತಿತ್ತು.

ಆಮೇಲೆ ಕೊನೆಯ ಹಾಡು. ಅದು ಶೈಲೇಶನೇ ಕಟ್ಟಿದ ದೋಣಿಯ ಹಾಡು, ಬಹಳ ಬಿರುಸಿನದು. ಎರಡನೆಯ ಚರಣಕ್ಕೆ ಬರುವಾಗ ಎಡಗೈ ಹಿಂದೆ ಬಿತ್ತು. ಮೂರನೆಯದರಲ್ಲಿ ಕೋಲು ಜಾರಿ ನೆಲಕ್ಕೆ ಉರುಳಿತು. ಎಲ್ಲರೂ ಅದನ್ನು ನೋಡಿದರು. ಕೋಲು ಉರುಳುತ್ತ ಬಂದು ನಿಶ್ಮಿತಾಳ ಕಾಲಿಗೆ ತಾಗಿತು. ಅವಳು ಬಗ್ಗಿ ಎತ್ತಿಕೊಡುವಾಗ ರತನ್ ಅವಳ ಮುಖ ನೋಡಲಿಲ್ಲ.

ಶೈಲೇಶ್, ಅರ್ಧ ಹಾಡುಗಳಿಗೆ ರತನ್, ಅರ್ಧ ಹಾಡುಗಳಿಗೆ ನಿಶ್ಮಿತಾ ಬಾರಿಸಿದರೆ ಹೇಗೆ ಎಂದು ಕೇಳಿದ. ಕೇಳುವಾಗ ಅವನ ಕಣ್ಣು ನೆಲದ ವಯರುಗಳ ಮೇಲಿತ್ತು.

“ಈ ಸೆಟ್ ನಂದ್,” ಎಂದ ರತನ್. ದನಿ ಏರಿಸಲಿಲ್ಲ. “ನಾನಿಲ್ದೆ ಇದ್ ಸ್ಟೇಜ್ ಹತ್ತುದಿಲ್ಲೆ.”

ಶೈಲೇಶ್ ಏನಾದರೂ ಹೇಳಬಹುದು ಎಂದು ನಿಶ್ಮಿತಾ ಕಾದಳು. ನವ್ಯಾ ಅವಳ ಕೈ ಹಿಡಿಯಲು ಬಂದಳು. ನಿಶ್ಮಿತಾ ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ನಿಂತಾಗ ಮೇಲಿನಿಂದ ಹಾಡು ಮತ್ತೆ ಶುರುವಾದದ್ದು ಕೇಳಿಸಿತು.

ಅವಳ ತಾಯಿ ಸುಂದರಿ ಮರವಂತೆಯ ರಸ್ತೆ ಬದಿಯಲ್ಲಿ ಮೀನು ಮಾರುವವಳು. ಮಗಳು ಬೇಗ ಬಂದದ್ದನ್ನೂ ಬ್ಯಾಗನ್ನು ಮೂಲೆಗೆ ಎಸೆದದ್ದನ್ನೂ ನೋಡಿ, ಊಟಕ್ಕೆ ಬಡಿಸುವಾಗ ಎಲ್ಲ ಬಾಯಿ ಬಿಡಿಸಿದಳು. ಮೊದಲು ಅವಳಿಗೆ ಸಿಟ್ಟೇ ಬಂತು. ನಾಳೆಯೇ ತೆಕ್ಕಟ್ಟೆಗೆ ಹೋಗಿ ಆ ಹುಡುಗರನ್ನು ನಾಲ್ಕು ಮಾತು ಕೇಳುತ್ತೇನೆ ಎಂದಳು. ನಿಶ್ಮಿತಾ ಬೇಡವೇ ಬೇಡ ಎಂದು ಕೈ ಮುಗಿದಳು. ಅನ್ನದ ಮುಂದೆ ತಲೆ ತಗ್ಗಿಸಿ ಕೂತ ಮಗಳನ್ನು ನೋಡುತ್ತ ಸುಂದರಿಯ ದನಿ ಇಳಿಯಿತು.

“ಕರ್ದ್ರ್, ಹೋದೆ. ಬೇಡ ಅಂದ್ರ್, ಬಂದೆ. ನೀನೆಂತ ಕದ್ಕಂಡ್ ಬಂದದ್ದಲ್ಲ ಅಲ್ದಾ? ತಲೆ ಎತ್ಕಂಡ್ ಉಣ್ಣ್.”

ನಿಶ್ಮಿತಾ ಉಂಡಳು. ಆದರೆ ಆ ರಾತ್ರಿಯೂ ಮಾರನೆಯ ರಾತ್ರಿಯೂ ಅವಳ ಬಲಗಾಲು ಚಾಪೆಯ ಮೇಲೆ ತಾನೇ ತಾನಾಗಿ ತಾಳ ಹಾಕುತ್ತಿತ್ತು.

ಕಾಲೇಜಿನಲ್ಲಿ ನವ್ಯಾ ದಿನವೂ ಸುದ್ದಿ ಹೇಳುತ್ತಿದ್ದಳು, ಕೇಳದಿದ್ದರೂ. ಅಭ್ಯಾಸ ಸರಿ ಹೋಗುತ್ತಿಲ್ಲವಂತೆ. ರತನ್ ಹಾಡುಗಳಿಗೆಲ್ಲ ಹೊಸ ಹೊಸ ಸ್ಟಾಪುಗಳನ್ನು ಸೇರಿಸಿದ್ದಾನಂತೆ. ಎಂದರೆ ವಾದ್ಯಗಳೆಲ್ಲ ಒಮ್ಮೆಗೇ ನಿಂತು ಹಾಡುವ ದನಿಯೊಂದೇ ಉಳಿಯುವ ಜಾಗಗಳು. ಕೇಳಲು ಚೆನ್ನಾಗಿದೆ ಎಂದು ಶೈಲೇಶ್ ಒಪ್ಪಿದ್ದಾನೆ. ಆದರೆ ಸ್ಟಾಪಿನಿಂದ ಮತ್ತೆ ಏಳುವಾಗೆಲ್ಲ ಹಾಡು ಕುಂಟುತ್ತದೆ. ಶೈಲೇಶ್ ಪ್ರತಿಸಲ ಕೌಶಲನನ್ನು ಬೈಯುತ್ತಾನೆ, ಕೀಬೋರ್ಡು ಹಿಂದೆ ಬೀಳುತ್ತಿದೆ ಎಂದು. ಕೌಶಲ್ ಮೊದಲೇ ಮಾತು ಕಡಿಮೆಯವನು, ಈಗ ಅದನ್ನೂ ಬಿಟ್ಟಿದ್ದಾನೆ. ಸಮಿತಿಯಲ್ಲಿ ಯಾರೋ, ಮಕ್ಕಳಾಟಕ್ಕೆ ಸ್ಟೇಜು ಕೊಟ್ಟು ಊರಿನ ಮರ್ಯಾದೆ ಹೋಗದಿದ್ದರೆ ಸಾಕು ಎಂದದ್ದು ಶೈಲೇಶನ ಕಿವಿಗೂ ಬಿದ್ದಿದೆಯಂತೆ.

ನಿಶ್ಮಿತಾ ಎಲ್ಲವನ್ನೂ ಕೇಳಿ, ತನಗೇನು ಎಂಬಂತೆ ಇರಲು ನೋಡಿದಳು.

ಅಭ್ಯಾಸದ ಮಹಡಿ ಕೋಣೆಯಲ್ಲಿ ಅವಳ ಛತ್ರಿ ಉಳಿದುಹೋಗಿತ್ತು. ನವರಾತ್ರಿ ಶುರುವಾದರೂ ಮಳೆ ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ, ಯಾರೂ ಇರದ ಹೊತ್ತು ನೋಡಿ ತೆಕ್ಕಟ್ಟೆಯಲ್ಲಿ ಇಳಿದಳು. ಕೆಳಗೆ ಮೈದಾನದಲ್ಲಿ ಚಪ್ಪರಕ್ಕೆ ಕಂಬ ನೆಡುತ್ತಿದ್ದರು. ಮಹಡಿಯ ಬಾಗಿಲು ಅರೆ ತೆರೆದಿತ್ತು. ಒಳಗಿಂದ ಬಹಳ ನಿಧಾನವಾಗಿ, ಒಂದೊಂದೇ ಪೆಟ್ಟು ಕೇಳಿಸುತ್ತಿತ್ತು. ಪೆಟ್ಟು, ಮೌನ. ಪೆಟ್ಟು, ಮೌನ. ಆಮೇಲೆ ಹಲ್ಲು ಕಚ್ಚಿ ತಡೆದ ಒಂದು ನರಳಿಕೆ.

ಅವಳು ಬಾಗಿಲು ತಳ್ಳಿದಳು. ರತನ್ ಒಬ್ಬನೇ ಇದ್ದ. ಅವನ ಎಡಗೈ ಮೊಣಕೈ ತನಕ ಪ್ಲಾಸ್ಟಿಕ್ ಬಕೆಟಿನಲ್ಲಿತ್ತು. ಬಕೆಟ್ ತುಂಬ ಮೀನು ಮಾರುವವರು ಉಪಯೋಗಿಸುವ ಪುಡಿ ಐಸು. ಅವಳನ್ನು ಕಂಡವನೇ ಕೈ ಹೊರಗೆಳೆದ. ಮಣಿಕಟ್ಟು ಊದಿಕೊಂಡು ಕೆಂಪಗೆ ಹೊಳೆಯುತ್ತಿತ್ತು. ಬೆರಳುಗಳನ್ನು ಮಡಚಲು ಹೋದ, ಅವು ಅರ್ಧದಲ್ಲೇ ನಿಂತವು.

ಹೊಸ ಸ್ಟಾಪುಗಳು ಯಾಕೆ ಬಂದವು ಎಂಬುದು ನಿಶ್ಮಿತಾಗೆ ಆಗ ಹೊಳೆಯಿತು. ಆ ಕೈಗೆ ನಡುನಡುವೆ ಉಸಿರು ಬೇಕಿತ್ತು, ಅದಕ್ಕೆ.

“ಶೈಲೇಶಂಗ್ ಹೇಳ್ಬೇಡ,” ಎಂದ ರತನ್.

“ಡಾಕ್ಟ್ರ್ ಎಂತ ಹೇಳ್ದ್ರ್?”

ಅವನು ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಹೇಳಿದ. ಮೂಳೆ ಸರಿಯಾಗಿ ಕೂಡಿಲ್ಲ. ಆಪರೇಷನ್ ಮಾಡಿ ಒಳಗೆ ಲೋಹದ ಪಟ್ಟಿ ಕೂರಿಸಬೇಕು. ಅಲ್ಲಿಯವರೆಗೆ ಕೋಲು ಮುಟ್ಟಬಾರದು. ಮನೆಯಲ್ಲಿ ಅಮ್ಮನಿಗೆ ಮಾತ್ರ ಗೊತ್ತು, ಅವಳಿಗೂ ಅರ್ಧ. ಆಮೇಲೆ ಮೊದಲಿನಂತೆ ಬಾರಿಸಬಹುದೇ ಎಂದು ಕೇಳಿದ್ದಕ್ಕೆ ಡಾಕ್ಟರು ನೋಡೋಣ ಎಂದಿದ್ದರು.

“ಮತ್ತೆಂತಕ್ ಬಾರ್ಸುದ್ ನೀನ್?”

“ಈ ವರ್ಷ ನಮ್ ಕಾಲೇಜ್ ಮುಗಿತ್. ಶೈಲೇಶ್ ಒಂದ್ ದಿಕ್ಕ್, ನಾನೊಂದ್ ದಿಕ್ಕ್. ಕೈ ಸರಿ ಅಪ್ಪೊತ್ತಿಗೆ ಬ್ಯಾಂಡ್ ಎಲ್ಲಿರ್ತ್?” ಅವನು ಸ್ನೇರ್ ಡ್ರಮ್ಮಿನ ಅಂಚನ್ನು ಬಲಗೈಯಿಂದ ಸವರಿದ. “ನಂಗಿಪ್ಪುದ್ ಇದೊಂದೇ ಸಂಜಿ.”

ನಿಶ್ಮಿತಾ ಮೂಲೆಯಲ್ಲಿದ್ದ ತನ್ನ ಛತ್ರಿ ಎತ್ತಿಕೊಂಡಳು. ಅವನ ಮೇಲೆ ಕೂಡಿಟ್ಟುಕೊಂಡಿದ್ದ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಅದರ ಬದಲು ಬೇರೊಂದು ಸಂಕಟ ಶುರುವಾಗಿತ್ತು. ತಾನಿದನ್ನು ಹೇಳಿದರೆ, ಜಾಗಕ್ಕಾಗಿ ಹೇಳಿದಳು ಎನ್ನುತ್ತಾರೆ. ಹೇಳದಿದ್ದರೆ ಇಡೀ ಊರಿನ ಎದುರು ಎಲ್ಲರೂ ಬೀಳುತ್ತಾರೆ, ಈ ಕೈಯೂ ಉಳಿಯುವುದಿಲ್ಲ.

“ನಾನ್ ಹೇಳುದಿಲ್ಲೆ,” ಎಂದಳು ಕೊನೆಗೆ. “ಆರೆ ನೀನೇ ಹೇಳ್ಕ್. ಕಾರ್ಯಕ್ರಮಕ್ಕಿಂತ ಮೊದ್ಲ್ ಹೇಳ್ಕ್.”

ತಾನೇ ಹೇಳುತ್ತೇನೆ ಎಂಬಂತೆ ಅವನು ಹೂಂ ಎಂದ.

ಆಮೇಲಿನ ದಿನಗಳು ಅವಳಿಗೆ ನುಂಗಲೂ ಆಗದ ಉಗುಳಲೂ ಆಗದ ತುತ್ತಿನಂತಾದವು. ಕಾಲೇಜಿನ ಕಾರಿಡಾರಿನಲ್ಲಿ ಶೈಲೇಶ್ ಎದುರಾದರೆ, ರತನ್ ಹೇಳಿದನೇ ಎಂದು ಅವನ ಮುಖದಲ್ಲಿ ಹುಡುಕುತ್ತಿದ್ದಳು. ಶೈಲೇಶ್ ಅದನ್ನು ದೂರು ಎಂದು ತಿಳಿದು ಬೇರೆ ಕಡೆ ತಿರುಗುತ್ತಿದ್ದ. ನವ್ಯಾಳ ಸುದ್ದಿ ದಿನದಿಂದ ದಿನಕ್ಕೆ ಕೆಡುತ್ತಿತ್ತು. ರತನ್ ತುಂಬು ತೋಳಿನ ಅಂಗಿ ಹಾಕಿಕೊಂಡು ಬರುತ್ತಾನೆ, ಗುಂಡಿ ಬಿಚ್ಚುವುದಿಲ್ಲ ಎಂದು ಅವಳು ಸುಮ್ಮನೆ ಮಾತಿಗೆ ಹೇಳಿದಾಗ ನಿಶ್ಮಿತಾ ತುಟಿ ಕಚ್ಚಿಕೊಂಡಳು. ಕಾರ್ಯಕ್ರಮದ ಹಿಂದಿನ ದಿನ ಅವನಿಗೆ ಫೋನು ಮಾಡಿದಳು. ಗಂಟೆ ಹೊಡೆದುಕೊಂಡು ಕಟ್ಟಾಯಿತು.

ಕಾರ್ಯಕ್ರಮದ ದಿನ ಮಧ್ಯಾಹ್ನವೇ ಅವಳು ತೆಕ್ಕಟ್ಟೆಗೆ ಹೋದಳು. ನವ್ಯಾಗೆ ಜತೆಗೆ ಎಂದು ಮನೆಯಲ್ಲಿ ಹೇಳಿದ್ದಳು. ಅದು ಸುಳ್ಳೇನೂ ಅಲ್ಲ. ಚಪ್ಪರಕ್ಕೆ ಬಣ್ಣದ ದೀಪದ ಸರ ಬಿಗಿಯುತ್ತಿದ್ದರು. ಒಂದು ಕಡೆ ಶಾರದೆಯ ಮೂರ್ತಿ, ಎದುರು ಮಂಟಪದಲ್ಲಿ ಪೂಜೆಯ ಸಿದ್ಧತೆ. ಇನ್ನೊಂದು ಕಡೆ ಸ್ಟೇಜಿನ ಮೇಲೆ ‘ಅಳಿವೆ’ಯವರು ಸೌಂಡ್ ನೋಡುತ್ತಿದ್ದರು. ಮೈಕಿನವನು ಒಂದೊಂದೇ ವಾದ್ಯದ ಹತ್ತಿರ ಹೋಗಿ ವಯರು ಸಿಕ್ಕಿಸುತ್ತಿದ್ದ. ಆಕಾಶ ಕಪ್ಪಾಗಿತ್ತು.

ದೋಣಿಯ ಹಾಡನ್ನು ಪೂರ್ತಿ ಒಂದು ಸಲ ನುಡಿಸಿ ನೋಡೋಣ ಎಂದ ಶೈಲೇಶ್. ಸ್ಟೇಜಿನ ಬದಿಯ ಮೆಟ್ಟಿಲಲ್ಲಿ ನಿಂತ ನಿಶ್ಮಿತಾ ರತನನ ಕೈಯನ್ನಷ್ಟೇ ನೋಡುತ್ತಿದ್ದಳು. ಮೊದಲ ಸ್ಟಾಪ್ ದಾಟಿತು. ಎರಡನೆಯದರಿಂದ ಏಳುವಾಗ ಎಡಗೈಯ ಪೆಟ್ಟು ಬರಲೇ ಇಲ್ಲ. ಕೌಶಲ್ ಸರಿಯಾದ ಜಾಗದಲ್ಲೇ ಎದ್ದಿದ್ದ. ಉಳಿದವರು ಡ್ರಮ್ಸಿಗೆ ಕಾದು ತಡವಾದರು. ಹಾಡು ಎರಡು ತುಂಡಾಗಿ ಧ್ವನಿವರ್ಧಕದಲ್ಲಿ ಮೈದಾನದ ತುಂಬ ಕೇಳಿಸಿತು. ದೀಪ ಕಟ್ಟುತ್ತಿದ್ದವರು ಏಣಿಯ ಮೇಲಿಂದ ತಿರುಗಿ ನೋಡಿದರು.

ಶೈಲೇಶ್ ಗಿಟಾರನ್ನು ಕೆಳಗಿಟ್ಟ. “ನಿಂಗ್ ಎಷ್ಟ್ ಸಲ ಹೇಳ್ಕ್ ಕೌಶಲ್? ಮನ್ಸ್ ಇಲ್ದಿರೆ ಇಳ್ದ್ ಹೋಗ್.”

ಮೈಕು ಚಾಲೂ ಇತ್ತು. ಆ ಮಾತೂ ಮೈದಾನಕ್ಕೆ ಕೇಳಿಸಿತು. ಕೌಶಲನ ಮುಖ ಕಿವಿಯ ತನಕ ಕೆಂಪಾಯಿತು. ಅವನು ಕೀಬೋರ್ಡಿನ ವಯರು ಕಿತ್ತು ಕೈಗೆ ಸುತ್ತಿಕೊಳ್ಳತೊಡಗಿದ. ನಿಶ್ಮಿತಾ ರತನನನ್ನು ನೋಡಿದಳು. ಅವನು ಈಗ ಬಾಯಿ ಬಿಡುತ್ತಾನೆ, ಈಗ ಬಿಡುತ್ತಾನೆ ಎಂದುಕೊಂಡಳು. ಅವನು ಸಿಂಬಲಿನ ತಿರುಪು ಬಿಗಿ ಮಾಡುತ್ತಿದ್ದ.

“ಕೌಶಲಂದ್ ತಪ್ಪಲ್ಲ,” ಎಂದಳು. ತಾನು ಸ್ಟೇಜಿನ ಮಧ್ಯಕ್ಕೆ ಬಂದುಬಿಟ್ಟದ್ದು ಅವಳಿಗೆ ಆಮೇಲೆ ಗೊತ್ತಾಯಿತು. “ರತನನ ಕೈ ಸರಿ ಇಲ್ಲೆ. ಮೊದ್ಲಿಂದ್ಲೂ ಇಲ್ಲೆ.”

ಎಲ್ಲರೂ ರತನನತ್ತ ತಿರುಗಿದರು. ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

“ಅವ್ಳಿಗ್ ಈ ಜಾಗ ಬೇಕ್,” ಎಂದ. “ಅದ್ಕೇ ಹೀಂಗೆಲ್ಲ ಹೇಳುದ್.”

ಈ ಮಾತಿಗಾಗಿಯೇ ಅವಳು ಇಷ್ಟು ದಿನ ಹೆದರಿದ್ದಳು. ಅದು ಕಿವಿಗೆ ಬಿದ್ದ ಮೇಲೆ ಹೆದರಿಕೆ ಉಳಿಯಲಿಲ್ಲ. “ನಂಗ್ ಜಾಗ ಬೇಡ,” ಎಂದಳು. “ನಾನಿವತ್ತ್ ಬಾರ್ಸುದಿಲ್ಲೆ. ನೀವ್ ಎಂತ ಬೇಕಾರೂ ಮಾಡ್ಕಣಿ. ಕೌಶಲನ್ನ್ ಮಾತ್ರ ಬೈಬೇಡಿ.”

ಮೆಟ್ಟಿಲಿಳಿದು ಕುರ್ಚಿಗಳ ಸಾಲಿನ ನಡುವೆ ನಡೆದು ಹೆದ್ದಾರಿಗೆ ಬಂದಳು. ನವ್ಯಾ ಕರೆದದ್ದು ಕೇಳಿಸಿತು, ತಿರುಗಲಿಲ್ಲ. ಬಸ್ ನಿಲ್ದಾಣದ ಸೂರಿನ ಕೆಳಗೆ ಸೇರುವಷ್ಟರಲ್ಲಿ ದೊಡ್ಡ ಹನಿಗಳು ಬಿದ್ದವು. ಸರಿ ಮಾಡಿದೆನೋ ತಪ್ಪು ಮಾಡಿದೆನೋ ತಿಳಿಯಲಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟವಳು ತಾನೇ. ಕೊಟ್ಟ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ, ತಾನೂ ಉಳಿಸಿಕೊಳ್ಳಲಿಲ್ಲ. ಶಿರೂರು ಕಡೆಯ ಲಾರಿಗಳು ನೀರು ಹಾರಿಸಿಕೊಂಡು ಹೋದವು. ಬಸ್ಸು ಬರಲಿಲ್ಲ.

ಬಂದವನು ರತನ್. ಛತ್ರಿಯಿಲ್ಲದೆ, ನೆಂದುಕೊಂಡು, ಎಡಗೈಯನ್ನು ಎದೆಗೆ ಒತ್ತಿಕೊಂಡು ಬಂದ. ಅವಳಿಂದ ಸ್ವಲ್ಪ ದೂರ, ಸಿಮೆಂಟಿನ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತ.

“ನಾನ್ ಆಗ ಹೇಳಿದ್ದ್ ತಪ್ಪ್.”

“ನಂಗ್ ಹೇಳಿ ಎಂತ ಆಯ್ಕ್? ಅವ್ರೆದ್ರ್ ಹೇಳ್.”

“ಹೇಳಿಯೇ ಬಂದದ್ದ್.”

ಅವಳು ಮೊದಲ ಸಲ ಅವನ ಕಡೆ ತಿರುಗಿದಳು. ಅಂಗಿಯ ತೋಳನ್ನು ಮೊಣಕೈಯವರೆಗೆ ಮಡಚಿದ್ದ. ಸುತ್ತಿದ ಪಟ್ಟಿಯ ಆಚೆ ಈಚೆ ಕೈ ಉಬ್ಬಿಕೊಂಡಿತ್ತು. ತೋರಿಸಿದ್ದಾನೆ ಎಂದು ಗೊತ್ತಾಯಿತು. ಅವಳು ಹೋದ ಮೇಲೆ ಕೌಶಲ್ ಬಂದು ತನ್ನ ಬೆನ್ನ ಮೇಲೆ ಕೈಯಿಟ್ಟ, ಬೈಯಲೂ ಇಲ್ಲ ಏನೂ ಇಲ್ಲ, ಅದನ್ನು ತಡೆಯಲಾಗಲಿಲ್ಲ ಎಂದ ರತನ್. ಶೈಲೇಶ್ ಸ್ಟೇಜಿನ ಹಿಂದೆ ಹೋಗಿ ಕೂತಿದ್ದಾನಂತೆ. ಚಂದಯ್ಯನವರಿಗೆ ಸುದ್ದಿ ಹೋಗಿದೆ. ಊರಿಗೆಲ್ಲ ಹೇಳಿಯಾಗಿದೆ, ಈಗ ರಸಮಂಜರಿ ಇಲ್ಲ ಎಂದು ಹೇಗೆ ಹೇಳುವುದು ಎಂದು ಅವರು ತಲೆಯ ಮೇಲೆ ಕೈ ಹೊತ್ತಿದ್ದಾರೆ.

ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ ಕುಂದಾಪುರ, ಹೆಮ್ಮಾಡಿ, ಮರವಂತೆ, ಬೈಂದೂರು ಎಂದು ಒಂದೇ ಉಸಿರಿನಲ್ಲಿ ಕೂಗಿದ. ನಿಶ್ಮಿತಾ ಎದ್ದು ನಿಂತಳು. ರತನ್ ಬಾರಿಸು ಎಂದು ಕೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎಂಬಂತೆ ರಸ್ತೆಯ ನೀರನ್ನೇ ನೋಡುತ್ತಿದ್ದ. ಹತ್ತುತ್ತೀಯಾ ಇಲ್ಲವಾ ಎಂದು ಕಂಡಕ್ಟರು ರೇಗಿ, ಸೀಟಿ ಊದಿಬಿಟ್ಟ. ಬಸ್ಸು ಹೋಯಿತು.

“ಹೊಸ ಸ್ಟಾಪ್ ಒಂದೂ ನಂಗ್ ಗೊತ್ತಿಲ್ಲೆ,” ಎಂದಳು.

“ಈಗ ಅವ್ರಿಗೆಲ್ಲ ಅದೇ ರೂಢಿ ಆಯ್ತ್. ನಾನ್ ಬದಿಯಂಗ್ ಕೂಕಂತೆ. ಕೈ ಎತ್ತಿರೆ ನಿಲ್ಸ್, ಇಳ್ಸಿರೆ ಹೊಡಿ.” ಅವನು ಸ್ವಲ್ಪ ತಡೆದು ಹೇಳಿದ, “ಬಲ್ಗೈ ಇನ್ನೂ ಸಮ ಇತ್ತ್.”

ಅವರಿಬ್ಬರೂ ಮರಳಿ ಬಂದಾಗ ಶೈಲೇಶ್ ಎದ್ದು ನಿಂತ. ಅವನ ಕಣ್ಣು ಕೆಂಪಾಗಿತ್ತು. ಇಬ್ಬರಿಗೂ ಹೂಂ ಎಂದದ್ದು ತಾನು, ಯಾರಿಗೂ ಇಲ್ಲ ಎನ್ನಲು ಧೈರ್ಯ ಸಾಲದೆ ಎಲ್ಲವನ್ನೂ ಕೌಶಲನ ಮೇಲೆ ಹಾಕಿದೆ ಎಂದು ಹೇಳಲು ಹೊರಟ. ಕೌಶಲ್ ಅವನನ್ನು ತಡೆದು, ಅದೆಲ್ಲ ನಾಳೆ, ಈಗ ಹಾಡು ನೋಡುವ ಎಂದ. ಅವನ ಬಾಯಿಂದ ಅಷ್ಟು ಉದ್ದದ ಮಾತು ಆ ವಾರದಲ್ಲಿ ಬಂದದ್ದು ಅದೇ ಮೊದಲು. ಪೂಜೆಯ ಮಂಗಳಾರತಿಗೆ ಜನ ಸೇರುತ್ತಿದ್ದರು. ಸೌಂಡ್ ಹಚ್ಚಿ ಅಭ್ಯಾಸ ಮಾಡುವಂತಿರಲಿಲ್ಲ. ಸ್ಟೇಜಿನ ಹಿಂದೆ, ಟಾರ್ಪಾಲಿನ ಕೆಳಗೆ ಐವರೂ ಕುಕ್ಕರಗಾಲಲ್ಲಿ ಕೂತರು. ನವ್ಯಾ ಪಿಸುದನಿಯಲ್ಲಿ ಹಾಡಿದಳು. ನಿಶ್ಮಿತಾ ತೊಡೆಯ ಮೇಲೆ ಬೆರಳಿನಿಂದ ಬಾರಿಸಿದಳು. ರತನ್ ಕೈ ಎತ್ತಿದ, ಇಳಿಸಿದ. ಎಲ್ಲ ಹಾಡುಗಳನ್ನೂ ಮುಟ್ಟಲು ಹೊತ್ತು ಸಾಲಲಿಲ್ಲ. ಕೊನೆಯ ಹಾಡು ಅರ್ಧದಲ್ಲಿರುವಾಗಲೇ ಚಂದಯ್ಯನವರು ಇಣುಕಿ ನೋಡಿದರು.

“ಹ್ವಾಯ್ ಮಕ್ಳೆ, ಜನ ಕೂತಾಯ್ತ್. ಆತ್ತಾ ನಿಮ್ಮಿಂದ್?”

ಆಗುತ್ತದೆ ಎಂದು ಹೇಳಿದವಳು ನವ್ಯಾ.

ಮಳೆ ನಿಂತಿತ್ತು. ಸ್ಟೇಜಿನ ಬೆಳಕು ಕಣ್ಣಿಗೆ ಹೊಡೆದು, ಎದುರಿನ ಜನ ಒಂದು ಕಪ್ಪು ಗೋಡೆಯಂತೆ ಕಂಡರು. ನಿಶ್ಮಿತಾ ಸ್ಟೂಲಿನಲ್ಲಿ ಕೂತು ಎತ್ತರ ಸರಿ ಮಾಡಿಕೊಂಡಳು. ಬೇಸ್ ಡ್ರಮ್ಮಿನ ಮರೆಯಲ್ಲಿ, ಜನರಿಗೆ ಕಾಣದ ಹಾಗೆ ರತನ್ ನೆಲದ ಮೇಲೆ ಕೂತಿದ್ದ. ಅವನ ಬಲಗೈ ಅವಳ ಮೊಣಕಾಲಿನ ಹತ್ತಿರವಿತ್ತು. ಮೊದಲ ಹಾಡಿನಲ್ಲಿ ಅವಳು ಅವನ ಕೈಯನ್ನು ಎಷ್ಟು ಬಿಗಿಯಾಗಿ ನೋಡುತ್ತಿದ್ದಳೆಂದರೆ ಕಣ್ಣು ಮಿಟುಕಿಸಲೂ ಹೆದರಿಕೆ. ಕೈ ಎದ್ದಿತು, ಅವಳು ನಿಂತಳು. ನವ್ಯಾಳ ದನಿ ಒಂಟಿಯಾಗಿ ಮೈದಾನದ ಮೇಲೆ ತೇಲಿತು. ಕೈ ಇಳಿಯಿತು, ಎಲ್ಲರೂ ಒಟ್ಟಿಗೆ ಎದ್ದರು. ಹಾಡು ಕುಂಟಲಿಲ್ಲ. ಜನ ಚಪ್ಪಾಳೆ ತಟ್ಟಿದಾಗ ಕೌಶಲ್ ತಿರುಗಿ ಅವಳ ಕಡೆ ನೋಡಿದ.

ಎರಡನೆಯದು, ಮೂರನೆಯದು ದಾಟಿದವು. ನಾಲ್ಕನೆಯ ಹಾಡಿನಲ್ಲಿ ಅವಳು ಒಂದು ಸ್ಟಾಪಿಗೆ ತಡವಾಗಿ ನಿಂತಳು, ಒಂದು ಪೆಟ್ಟು ಹೆಚ್ಚಾಗಿ ಬಿತ್ತು. ರತನ್ ತಲೆಯಾಡಿಸಿ, ಪರವಾಗಿಲ್ಲ, ಮುಂದೆ ಎಂದು ಬೆರಳು ಸುತ್ತಿದ. ಅವನ ತುಟಿಗಳು ಉದ್ದಕ್ಕೂ ಆಡುತ್ತಿದ್ದವು. ಒಂದೊಂದು ಪೆಟ್ಟನ್ನೂ ಅವನು ಬಾಯಲ್ಲಿ ಬಾರಿಸುತ್ತಿದ್ದ.

ಕೊನೆಗೆ ದೋಣಿಯ ಹಾಡು. ಅದರ ಎರಡನೆಯ ಅರ್ಧವನ್ನು ಅವರು ನೋಡಿಕೊಂಡೇ ಇರಲಿಲ್ಲ. ಶುರುವಾಗುತ್ತಲೇ ಹಿಂದಿನ ಸಾಲಿನ ಹುಡುಗರು ಎದ್ದು ಕುಣಿಯತೊಡಗಿದರು. ಸಿಳ್ಳೆಯ ಗದ್ದಲದಲ್ಲಿ ನವ್ಯಾಳ ದನಿಯೇ ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ಮೊದಲ ಸ್ಟಾಪ್ ಸರಿಯಾಯಿತು. ಮಧ್ಯಾಹ್ನ ಮುರಿದ ಎರಡನೆಯ ಸ್ಟಾಪೂ ಸರಿಯಾಯಿತು. ಮೂರನೆಯದು ಎಲ್ಲಿ ಎಂದು ಅವಳಿಗೆ ಗೊತ್ತಿಲ್ಲ. ರತನನ ಕೈಗೆ ಕಾದಳು. ಕೈ ಏಳಲಿಲ್ಲ. ಅವಳು ಕೆಳಗೆ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡಿದ್ದ. ಬಲಗೈ ಅವನ ತೊಡೆಯ ಮೇಲೆ ಬಿರುಸಾಗಿ ಬಾರಿಸುತ್ತಿತ್ತು. ಅವನು ಅಲ್ಲಿರಲಿಲ್ಲ, ಸ್ಟೂಲಿನ ಮೇಲಿದ್ದ.

ಶೈಲೇಶ್ ಗಿಟಾರ್ ನಿಲ್ಲಿಸಲು ಕೈ ಎತ್ತಿದ್ದು ಅವಳಿಗೆ ಕಂಡಿತು. ಅಲ್ಲೇ ನಿಲ್ಲಬೇಕಿತ್ತು, ಆ ಕ್ಷಣ ಆಗಲೇ ದಾಟಿತ್ತು. ಈಗ ನಿಂತರೆ ಹಾಡು ಮುರಿದಂತೆಯೇ. ಅವಳು ನಿಲ್ಲಿಸಲಿಲ್ಲ. ಎರಡೂ ಕೋಲುಗಳನ್ನು ಸ್ನೇರಿನ ಮೇಲೆ ಒಂದೇ ಸಮನೆ ಉರುಳಿಸುತ್ತ, ದನಿಯನ್ನು ಸಣ್ಣದರಿಂದ ದೊಡ್ಡದಕ್ಕೆ ಏರಿಸುತ್ತ ಹೋದಳು. ಇದನ್ನು ಅವಳು ಹೈಸ್ಕೂಲಿನ ಕವಾಯತಿನಲ್ಲಿ ಬಾವುಟ ಏರಿಸುವಾಗ ಬಾರಿಸುತ್ತಿದ್ದಳು. ಕೌಶಲನಿಗೆ ಅರ್ಥವಾಯಿತು. ಅವನು ಅವಳ ಜತೆಗೇ ಸ್ವರ ಏರಿಸಿದ. ಶೈಲೇಶ್ ಎತ್ತಿದ ಕೈಯನ್ನು ತಂತಿಗೆ ಇಳಿಸಿದ. ನವ್ಯಾ ಉಸಿರೆಳೆದುಕೊಂಡು, ಒಬ್ಬಳೇ ಹಾಡಬೇಕಿದ್ದ ಸಾಲನ್ನು ಆ ಮೊರೆತದ ಮೇಲೆ ನಿಂತು ಗಂಟಲು ಬಿಟ್ಟು ಹಾಡಿದಳು. ರತನ್ ಬೆಚ್ಚಿ ಕಣ್ಣು ತೆರೆದ. ಏನಾಯಿತೆಂದು ತಿಳಿದು ಮೊದಲು ಅವನ ಮುಖ ಕಪ್ಪಿಟ್ಟಿತು. ಆಮೇಲೆ ಮುಕ್ತಾಯದ ಪೆಟ್ಟಿಗೆ ಸರಿಯಾಗಿ ಕೈ ಎತ್ತಿದ. ಐವರೂ ಒಮ್ಮೆಗೇ ನಿಂತರು.

ಚಪ್ಪಾಳೆ, ಸಿಳ್ಳೆ ಒಟ್ಟಿಗೆ ಎದ್ದವು. ಬೆಳಕು ಜನರ ಕಡೆ ತಿರುಗಿದಾಗ ಹೆಂಗಸರ ಸಾಲಿನಲ್ಲಿ ಸುಂದರಿ ಕಂಡಳು. ಅವಳು ಬರುತ್ತಾಳೆಂದು ನಿಶ್ಮಿತಾಗೆ ಗೊತ್ತೇ ಇರಲಿಲ್ಲ. ತಾಯಿ ಚಪ್ಪಾಳೆ ತಟ್ಟದೆ, ಎರಡೂ ಕೈಗಳನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ಮರುದಿನ ಬೆಳಿಗ್ಗೆ ಡ್ರಮ್ ಸೆಟ್ ಸಾಗಿಸಲು ರತನ್ ಗೂಡ್ಸ್ ರಿಕ್ಷಾ ತಂದಿದ್ದ. ನಿಶ್ಮಿತಾ ಕಾಲೇಜಿಗೆ ಹೋಗುವ ಮೊದಲು ಅಲ್ಲಿಗೆ ಬಂದಳು. ಚಪ್ಪರ ಬಿಚ್ಚುತ್ತಿದ್ದರು, ಮೈದಾನದ ತುಂಬ ಕೆಸರಿನಲ್ಲಿ ಹೂ ಮತ್ತು ಕಾಗದದ ತಟ್ಟೆಗಳು. ಇಬ್ಬರೂ ತಿರುಪು ಬಿಚ್ಚಿದರು. ಬೇಸ್ ಡ್ರಮ್ಮನ್ನು ಅವನೊಬ್ಬನಿಗೆ ಎತ್ತಲಾಗಲಿಲ್ಲ. ಅವಳು ಎಡಬದಿ ಹಿಡಿದಳು.

“ಮೂರ್ನೇ ಸ್ಟಾಪ್ ನೀನ್ ತಪ್ಸ್ದೆ,” ಎಂದ ರತನ್, ಮೆಟ್ಟಿಲಿಳಿಯುತ್ತ.

“ನೀನ್ ಕೈಯೇ ಎತ್ತಲಿಲ್ಲೆ.”

“ಹೌದ್.” ಅವನು ಸ್ವಲ್ಪ ನಕ್ಕ. ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಬರುವ ವಾರ ಆಪರೇಷನ್ ಎಂದ. ತಾನು ಬಂದು ನೋಡುತ್ತೇನೆ ಎಂದಳು ಅವಳು. ಅವನು ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ರಿಕ್ಷಾ ಹೊರಟಿತು. ಸಿಂಬಲುಗಳು ಗೋಣಿಯೊಳಗೆ ಸದ್ದು ಮಾಡುತ್ತ ಹೋದವು.

ಬಸ್ಸಿನಲ್ಲಿ ಕೂತಾಗ ಶೈಲೇಶನ ಫೋನು ಬಂತು. ಒಂದೇ ಜಾಗವನ್ನು ಇಬ್ಬರಿಗೂ ಕೊಟ್ಟದ್ದಕ್ಕೆ ಕ್ಷಮೆ ಕೇಳಿದ. ಬೈಂದೂರಿನ ಕಡೆಯ ಒಂದು ಸಂಘದವರು ದೀಪಾವಳಿಗೆ ಕರೆದಿದ್ದಾರೆ, ಡ್ರಮ್ಸಿಗೆ ನೀನೇ, ಅವರಿಗೆ ಬರುತ್ತೇವೆ ಎನ್ನಲೇ ಎಂದು ಕೇಳಿದ. ಅವನ ದನಿಯಲ್ಲಿ ಉತ್ಸಾಹ ತುಂಬಿತ್ತು.

ಕಿಟಕಿಯ ಹೊರಗೆ ಕೋಟೇಶ್ವರ ದಾಟುತ್ತಿತ್ತು. ನಿಶ್ಮಿತಾಗೆ ಹೂಂ ಎನ್ನಬೇಕೆಂದು ಬಹಳ ಆಸೆಯಾಯಿತು.

“ಮೊದ್ಲ್ ರತನನ್ನ್ ಕೇಳ್,” ಎಂದಳು. “ಅವ ಎಂತ ಹೇಳ್ತ ಕಾಣ್. ಕಡಿಗೆ ನಂಗ್ ಫೋನ್ ಮಾಡ್.”